ಎಡಕ್ಕೆ ಬಿದ್ದ ಹೂವು

ದೇವರು, ದೆವ್ವ, ಜ್ಯೋತಿಷ್ಯ ಎಂಬ ಮೂರು ಇಲಾಖೆಗಳ ಜೊತೆ ನನಗೆ ಬಹುಕಾಲ ಯಾವ ವ್ಯವಹಾರವೂ ಇರಲಿಲ್ಲ. ವಿಚಿತ್ರ ಅನುಭವ ಹೇಳಲು ಬಂದವರಿಗೆ ಚಹಾ ಕೊಟ್ಟು, ಹಿಂದಿನ ರಾತ್ರಿ ಏನು ಉಂಡಿರಿ ಎಂದು ವಿಚಾರಿಸುವ ಪೈಕಿ ನಾನು. ಈಗ ನಾನೇ ಹೇಳಲು ಕೂತಿದ್ದೇನೆ. ಓದುಗರು ಅದೇ ಪ್ರಶ್ನೆ ಕೇಳಬಹುದು. ಅಂದು ಉಂಡದ್ದು ಬರೀ ಗಂಜಿ, ಉಪ್ಪಿನಕಾಯಿ.

ಕೊರೋನಾದ ಎರಡನೇ ಅಲೆಯ ಕಾಲ. ಮುಂಬಯಿಯ ಆಚೆ ಡೊಂಬಿವಲಿಯಲ್ಲಿರುವ ನನ್ನ ಅಕ್ಕನಿಗೆ ಹೃದಯದ ಆಪರೇಷನ್ ನಿಶ್ಚಯವಾಗಿತ್ತು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಡಾಕ್ಟರರು ಭರವಸೆಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದರು. ಆಪರೇಷನ್ನಿಗೆ ಮೊದಲು ಹೋಗದಿದ್ದರೆ ಅವಳ ಮುಖ ಮತ್ತೆ ಕಾಣಲಾರೆನೆಂಬ ಹೆದರಿಕೆ ನನಗೆ. ಹೇಳಿದರೆ ಬೇಡವೆನ್ನುತ್ತಾಳೆಂದು ಅವಳಿಗೂ ಅವಳ ಮಗನಿಗೂ ತಿಳಿಸದೆ, ಹಬ್ಬುವಾಡದ ನಮ್ಮ ಮನೆಯಲ್ಲಿ ಯುದ್ಧಕಾಲದ ಗಾಂಭೀರ್ಯದಿಂದ ಪ್ರವಾಸದ ಯೋಜನೆ ನಡೆಯಿತು. ಗೋವಾ ಗಡಿಯಲ್ಲಿ ತಕರಾರು. ಆದ್ದರಿಂದ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ಸುತ್ತಿ ಹೋಗಬೇಕು. ನಾನು, ಹೆಂಡತಿ, ಮಗಳು ಮೂವರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡೆವು. ಪಾಸೂ ಸಿಕ್ಕಿತು.

ಸರಕಾರದ ಅಪ್ಪಣೆಯೆಲ್ಲ ಆದ ಮೇಲೆ ಹೆಂಡತಿ ಕೇಳಿದಳು: "ದೇವಿ ಅಪ್ಪಣೆ ಕೇಳೂದ್ ಯಾರು, ನಿಮ್ಮ ಕಲೆಕ್ಟರೇ?"

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮೊದಲು ಪ್ರಸಾದ ಕೇಳುವ ಪದ್ಧತಿ ಇದೆ. ಭಟ್ಟರು ದೇವಿಯ ಮೂರ್ತಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಾರ್ಥಿಸುತ್ತಾರೆ. ದೇವಿಯ ಬಲಕ್ಕೆ ಬಿದ್ದರೆ ಹೋಗಬಹುದು, ಎಡಕ್ಕೆ ಬಿದ್ದರೆ ಕೂಡದು. ನಮ್ಮ ಕುಲದೇವಿ ಇರುವುದು ರಾಮನಗುಳಿಯ ಒಳಗಿನ ಹಳ್ಳಿಯಲ್ಲಿ. ಆಗ ಗುಡಿಗೆ ಭಕ್ತರ ಪ್ರವೇಶವಿಲ್ಲ. ಹೀಗಾಗಿ ದೇವಿ ಜನ್ಮದಲ್ಲಿ ಮೊದಲ ಬಾರಿ ವಿಡಿಯೋ ಕಾಲ್‌ಗೆ ಬಂದಳು.

ಭಟ್ಟರಿಗೆ ಹಿಂದಿನ ಕ್ಯಾಮೆರಾ ತೆರೆಯಲು ಬರಲಿಲ್ಲ. ಸೆಲ್ಫಿಯ ಕ್ಯಾಮೆರಾವನ್ನೇ ದೇವಿಯ ಕಡೆ ಮಾಡಿ, ಫೋನನ್ನು ಕೊಡಪಾನಕ್ಕೆ ಆನಿಸಿ ನಿಲ್ಲಿಸಿದರು. ಮಧ್ಯಾಹ್ನದ ಆ ಗಳಿಗೆಯಲ್ಲಿ, ನಾಸ್ತಿಕನಾದ ನಾನೂ ಪರದೆಗೆ ಮೂಗು ತಾಗಿಸಿ ಕೂತಿದ್ದೆ. ಎಸಳು ದೇವಿಯ ಎಡಕ್ಕೆ ಜಾರಿತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಫೋನು ಹತ್ತಲಿಲ್ಲ.

ಹೆಂಡತಿಯ ಮುಖ ಸಣ್ಣಗಾಯಿತು. ಆಗ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಮಗಳು ತೀರ್ಪು ಕೊಟ್ಟಳು: "ಆಯೀ, ಸೆಲ್ಫಿ ಕ್ಯಾಮೆರಾ ಕನ್ನಡಿ ಇದ್ದಂಗೆ. ಎಡಕ್ಕೆ ಕಂಡ್ರೆ ಬಲಕ್ಕೆ ಬಿದ್ದದ್ದು." ವಿಜ್ಞಾನದ ಮೇಲೆ ಅಂದಿನಷ್ಟು ಪ್ರೀತಿ ನನಗೆ ಎಂದೂ ಹುಟ್ಟಿದ್ದಿಲ್ಲ. ಚೀಲಗಳು ಕಾರಿಗೆ ಏರಿದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಫೋನು.

"ತಮಾ, ನಾಳೆ ಹೊರಡೂದ್ ಬೇಡ. ಹೂ ಎಡಕ್ಕೆ ಬಿದ್ದದ್ದಲ್ವಾ."

"ಯಾವ ಹೂ? ನಿಂಗೆ ಯಾರು ಹೇಳದ್ರು?"

"ಯಾರೆಂತಕೆ ಹೇಳ್ಬೇಕು? ದೀಪದ ಮೇಲೇ ಬಿತ್ತು, ದೀಪ ನಂದೋಯ್ತು. ಪಾಪ, ಭಟ್ರ ಬೆಂಕಿಪೆಟ್ಟಿಗೆ ಹಸಿಯಾಗಿ, ಒಲೆಯಿಂದ ಕೆಂಡ ತಂದ್ರು. ನೀವ್ ಸುಮ್ಮನೆ ಮನೇಲಿರಿ ಮಾರಾಯ. ನಂಗೆಂತಾ ಆಗೂದಿಲ್ಲ."

ಹೆಂಡತಿ, ಮಗಳು ಇಬ್ಬರನ್ನೂ ವಿಚಾರಣೆಗೆ ಒಳಪಡಿಸಿದೆ. ಯಾರೂ ಹೇಳಿರಲಿಲ್ಲ, ಹೇಳುವುದಿದ್ದರೂ ಕೆಂಡದ ಸಂಗತಿ ನಮಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಭಟ್ಟರು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ಫೋನು ಮಾಡಿದರು. "ಎಡಕ್ಕೇ ಬಿದ್ದದ್ದು ಮಾರಾಯ್ರೇ. ಅದೂ ಹೋಗಿ ಹೋಗಿ ದೀಪದ ಮೇಲೆ! ಹಾಳಾದ ಬೆಂಕಿಪೆಟ್ಟಿಗೆ ಹತ್ತಲಿಲ್ಲ, ಒಲೆಯಿಂದ ಕೆಂಡ ತರಬೇಕಾಯ್ತು." ಗುಡಿಯಲ್ಲಿ ಬೇರೆ ಯಾರಿದ್ದರು ಎಂದೆ. "ನಾನು, ದೇವಿ. ಬೇರೆ ಯಾರನ್ನ ಬಿಡ್ತಾರೆ?" ಎಂದರು. ಅಕ್ಕನ ನಂಬರು ಅವರಲ್ಲಿ ಇರಲಿಲ್ಲ.

ಚೀಲಗಳನ್ನು ಕಾರಿನಿಂದ ಇಳಿಸಿದೆವು. ದೇವಿಯ ಮಾತನ್ನು ನಾನು ಮೀರುತ್ತಿದ್ದೆನೋ ಏನೋ. ಅಕ್ಕನ ಮಾತು ಮೀರಿ ಅಭ್ಯಾಸವಿರಲಿಲ್ಲ. ಆಪರೇಷನ್ನಿನ ದಿನ ಹಬ್ಬುವಾಡದ ಜಗಲಿಯಲ್ಲಿ ಕೂತು, ಮುಖ ನೋಡದೇ ಕಳಕೊಳ್ಳುತ್ತೇನೆಂದು ಬೆವರಿದೆ. ಅವಳೇನೋ ಉಳಿದಳು.

ಓಡಾಟ ಸಲೀಸಾದ ಮೇಲೆ ಡೊಂಬಿವಲಿಗೆ ಹೋದೆವು. ಅಕ್ಕ ಅಲ್ಲಿಯ ಬಂಗಡೆ ಮೀನನ್ನೂ ಮಾರುವವರನ್ನೂ ಬಯ್ಯುತ್ತ ಈಳಿಗೆಯ ಮುಂದೆ ಕೂತಿದ್ದಳು. ಸೆಲ್ಫಿ ಕ್ಯಾಮೆರಾದಲ್ಲಿ ಎಡಬಲ ತಿರುಗುವುದು ಅವರವರ ಪರದೆಯ ಮೇಲೆ ಮಾತ್ರ, ಎದುರಿನವರಿಗೆ ಸರಿಯಾಗೇ ಕಾಣುತ್ತದೆ ಎಂದು ಮಗಳು ಅಷ್ಟರಲ್ಲಿ ಓದಿ ತಿಳಿದಿದ್ದಳು. ಅದನ್ನು ಅತ್ತೆಗೆ ವಿವರಿಸಿದಳು. ನಾನು ಹೊತ್ತು ನೋಡಿ ಕೇಳಿದೆ, ಅಂದು ನಿನಗೆ ಹೇಗೆ ಗೊತ್ತಾಯಿತು?

ಅಕ್ಕ ಮೀನಿನಿಂದ ತಲೆ ಎತ್ತಲಿಲ್ಲ. "ನೀವ್ ಫೋನಲ್ಲಿ ನೋಡದ್ರಿ. ನಾ ದೇವಿ ಎದುರಿಗೇ ಕೂತಿದ್ದೆ" ಎಂದಳು. "ಆ ಅರಿಶಿನ ಡಬ್ಬಿ ಇತ್ಲಾಗೆ ಕೊಡು."

ಕೊಟ್ಟೆ. ಹಿಂದಿನ ರಾತ್ರಿ ಏನು ಉಂಡಿದ್ದೆ ಎಂದು ಅವಳನ್ನು ವಿಚಾರಿಸಲು ಹೋಗಲಿಲ್ಲ.