ಅಂಗೈಯಲ್ಲಿ ಕರಗಿದ ಹಿಮ

ಶಿಮ್ಲಾದ ಅಗ್ಗದ ಲಾಡ್ಜಿನಲ್ಲಿ ಬೆಳಿಗ್ಗೆ ನಳ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ನೀರು ಪೈಪಿನೊಳಗೇ ಹೆಪ್ಪುಗಟ್ಟಿತ್ತು. ಬಿಸಿಲೇರುವವರೆಗೆ ನೀರಿಲ್ಲ ಎಂದು ಲಾಡ್ಜಿನವ ಕೈಚೆಲ್ಲಿಬಿಟ್ಟ. ನಮ್ಮತ್ತೆಯೋ, ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟುವವರಲ್ಲ. ಹಿಂದಿನ ದಿನ ಬಸ್ಸಿನಲ್ಲಿ ಪೂಜೆ ತಪ್ಪಿದ್ದರಿಂದ ಇಡೀ ದಿನ ಉಪವಾಸವಿದ್ದರು. ಖರ್ಚು ಉಳಿಸಲೆಂದು ಬೈಲಹೊಂಗಲದಿಂದ ಹೊತ್ತು ತಂದ, ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು ಹಾಗೇ ಇತ್ತು.

"ಇದೊಂದಿನ ಹಂಗ ಊಟಾ ಮಾಡ್ರಿ ಅತ್ತಿ. ದೇವ್ರು ಏನೂ ಅನ್ನಂಗಿಲ್ಲ," ಎಂದೆ.

ಅವರು ಎದ್ದು ಹೋಗಿ ಕಿಟಕಿ ತೆರೆದರು. ಹೊರಗಿನ ಕಟ್ಟೆಯ ಮೇಲೆ ರಾತ್ರಿ ಬಿದ್ದ ಹಿಮ ಗೇಣೆತ್ತರ ಕೂತಿತ್ತು.

"ನೀರಿಲ್ಲ ಅಂತೀಯಲ್ಲ, ಇಷ್ಟ ಬಿದ್ದೈತಿ ನೋಡು. ಇನ್ನೂ ಯಾರೂ ಮುಟ್ಟಿಲ್ಲ," ಎಂದರು.

ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ಒಂದು ಹಿಡಿ ಹಿಮ ಇಟ್ಟು ಕಣ್ಣು ಮುಚ್ಚಿದರು. ಕೈ ಕೆಂಪಾಯಿತು. ಹಿಮವೆಲ್ಲ ಕರಗಿ ಬೆರಳ ಸಂದಿಯಿಂದ ತೊಟ್ಟಿಕ್ಕಿ ಮುಗಿಯುವವರೆಗೂ ಅವರು ಕೂತಲ್ಲಿಂದ ಅಲುಗಲಿಲ್ಲ. ಆಮೇಲೆ ನಿಧಾನಕ್ಕೆ ರೊಟ್ಟಿ ಮುರಿದರು.

ಊರಿಗೆ ಬಂದ ಮೇಲೆ ಓಣಿಯವರು ಶಿಮ್ಲಾದಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ನಾವು ಫೋಟೊ ಆಲ್ಬಮ್ ತೆಗೆಯುತ್ತಿದ್ದೆವು. ಅತ್ತೆ ಸುಮ್ಮನೆ ಎಡ ಅಂಗೈ ತೋರಿಸುತ್ತಿದ್ದರು.