ನೋಡದೆ ಹೇಳಿದ ಸಿಗ್ನಲ್

ನಿಂತ ಗೂಡ್ಸ್ ಗಾಡಿ ಹೊರಡುವಾಗ ಒಂದು ಸದ್ದು ಬರುತ್ತದೆ. ಎಂಜಿನ್ನಿನ ಕಡೆಯಿಂದ ಶುರುವಾಗಿ, ಡಬ್ಬಿಯಿಂದ ಡಬ್ಬಿಗೆ ಧಡ್, ಧಡ್ ಎಂದು ಹತ್ತಿರ ಬರುತ್ತದೆ. ಈಗಲೂ ಬೆಳಿಗ್ಗೆ ನನ್ನ ಕೋಣೆಯ ಕೆಳಗಿನ ಅಂಗಡಿಯವರು ಶಟರ್ ಎತ್ತಿದರೆ ಅದೇ ಸದ್ದೆನಿಸಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಗೋಡೆ ಹಿಡಿದುಕೊಳ್ಳುತ್ತೇನೆ.

ರಾಣೆಬೆನ್ನೂರಿನಲ್ಲಿ ನಾನು ಒಬ್ಬಳೇ ಇರುತ್ತೇನೆ. ಕೆಲಸ ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನ ಕಚೇರಿಯಲ್ಲಿ ಕುಳಿತು ಚೀಟಿ ಬರೆಯುವುದು. ಅಲ್ಲಿ ಮಾತೆಲ್ಲ ಚೀಲಗಳದ್ದೇ. ಇಡೀ ದಿನದಲ್ಲಿ ನನ್ನನ್ನು ನನ್ನ ಬಗ್ಗೆ ಕೇಳುತ್ತಿದ್ದವಳು ಒಬ್ಬಳೇ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನನ್ನ ಎದುರು ಕೂರುತ್ತಿದ್ದ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಐವತ್ತು ದಾಟಿದವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಸೀರೆಯ ಘಾಟಿಗೆ ಪಕ್ಕದವರು ಸೀನುತ್ತಿದ್ದರು. ನನಗೆ ರೂಢಿಯಾಗಿತ್ತು.

"ಕಾಲೇಜಿನ್ಯಾಗ ಏನ ಕಲ್ತೀಬೇ ತಂಗಿ?" ಎಂದು ಒಮ್ಮೆ ಕೇಳಿದಳು.

"ಫಿಲಾಸಫಿ. ಯಾವುದು ಸರಿ, ಯಾವುದು ತಪ್ಪು ಅಂತ ವಿಚಾರ ಮಾಡೂದು."

"ಅದಕ್ಕ ಮೂರ ವರ್ಷ ಬೇಕಾತೇನು? ನಮ್ಮತ್ತಿ ನನಗ ಮೂರ ದಿನದಾಗ ಕಲಿಸಿದ್ಲು!"

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ನಾನು ಅವಳ ಬಾಯಲ್ಲಿ ಮೂರು ವರ್ಷದ ಶಾಣ್ಯಾಕಿ, ಅಂದರೆ ಜಾಣೆ.

ಆ ಮೂರು ವರ್ಷದಲ್ಲಿ ನನ್ನಲ್ಲಿ ಉಳಿದದ್ದು ನಮ್ಮ ಸರ್ ಕೇಳುತ್ತಿದ್ದ ಒಂದು ಪ್ರಶ್ನೆ. ನಾವು ಏನು ಹೇಳಿದರೂ ಅವರು, "ಇದು ನಿಮಗ ಗೊತ್ತೋ, ಇಲ್ಲಾ ಹಂಗ ಅನಿಸ್ತೋ?" ಎನ್ನುತ್ತಿದ್ದರು. ನಾನು ಅದನ್ನು ದಿನಬಳಕೆಗೆ ತಂದಿದ್ದೆ. ಕಚೇರಿಯಲ್ಲಿ ಯಾರಾದರೂ ಇನ್ನೊಬ್ಬರನ್ನು ಆಡಿಕೊಂಡರೆ ಮನಸ್ಸಿನಲ್ಲೇ ಕೇಳುತ್ತಿದ್ದೆ: ಇವರಿಗೆ ಗೊತ್ತೋ, ಅನಿಸಿತೋ? ಈಗ ನೋಡಿದರೆ, ಯಾವಾಗಲೂ ಇನ್ನೊಬ್ಬರ ಬಗ್ಗೆಯೇ ಕೇಳುತ್ತಿದ್ದೆ, ನನ್ನನ್ನು ನಾನು ಕೇಳಿಕೊಂಡದ್ದಿಲ್ಲ.

ಒಂದು ದಿನ ಬ್ಯಾಡಗಿಯಲ್ಲಿ ನಮ್ಮ ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬಂತು. ನಡುವಿನ ಹಳಿಯ ಮೇಲೆ ಗೂಡ್ಸ್ ಗಾಡಿ ನಿಂತಿತ್ತು. ದಾಟಲು ಮೇಲ್ಸೇತುವೆ ಇತ್ತು. ಆದರೆ ಅಕ್ಕನಿಗೆ ಮೊಣಕಾಲು ನೋವು, ನನಗೆ ಅವಸರ. ನಾನು ಎರಡು ಡಬ್ಬಿಗಳ ನಡುವೆ ಬಗ್ಗಿ ದಾಟಿ ಈಚೆ ನಿಂತು ಕರೆದೆ, "ಬಾ ಅಕ್ಕಾ, ಗೂಡ್ಸಿಗೆ ಇನ್ನೂ ಸಿಗ್ನಲ್ ಬಿದ್ದಿಲ್ಲ."

"ಖರೇನ?"

"ಖರೇ. ಲಗೂ ಬಾ."

ನಾನು ನಿಂತ ಜಾಗದಿಂದ ಸಿಗ್ನಲ್ ಕಾಣುತ್ತಲೇ ಇರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಕಾಣುತ್ತಿತ್ತು.

ಅವಳು ಬಗ್ಗಿದಳು. ಸದ್ದು ದೂರದಿಂದ ಬರತೊಡಗಿತು. ನಾನು ಎರಡೂ ಕೈ ಚಾಚಿದೆ. ಚಾಚಿದೆ ಅಷ್ಟೇ, ಹೆಜ್ಜೆ ಮುಂದಿಡಲಿಲ್ಲ. ಅವಳು ಬುತ್ತಿಯ ಚೀಲ ಒಗೆದು, ತಾನೂ ಈಚೆ ಬಿದ್ದಳು. ಅವಳ ಕಾಲಿನ ಪಕ್ಕದಲ್ಲೇ ಗಾಲಿ ಉರುಳಿತು. ಮೈಯ ಭಾರ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು.

ಹಾವೇರಿಯ ದವಾಖಾನೆಗೆ ಅವಳ ಮಗ ಬಂದ. "ವಯಸ್ಸಾತು ಅಂತ ಎಷ್ಟ ಸಲ ಹೇಳೇನಿ ನಿನಗ? ರೈಲಿನ ಬುಡಕ ತೂರಾಕ ನೀ ಏನ ಹುಡುಗ್ಯಾ?"

"ತಂಗಿ ಸಿಗ್ನಲ್ ನೋಡೇ ಕರದ್ಲೋ. ನನ್ನ ಕಾಲ ಏಳಲಿಲ್ಲ. ನಾನ ತಡಾ ಮಾಡಿದೆ" ಎಂದಳು ಅಕ್ಕ.

ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಅಲ್ಲಿಯೇ ತೀರ್ಮಾನವಾಯಿತು: ಇನ್ನು ಅವಳು ಕೆಲಸಕ್ಕೆ ಹೋಗಬಾರದು. "ಮನ್ಯಾಗ ಕುಂತ್ರ ನಾ ಗ್ವಾಡಿ ನೋಡತೇನಿ, ಗ್ವಾಡಿ ನನ್ನ ನೋಡತೈತಿ" ಎಂದು ನಗುತ್ತಿದ್ದವಳು, ಆಗಲಿ ಎಂದು ತಲೆಯಾಡಿಸಿದಳು. ತನ್ನ ಮೈ ತನಗೆ ಕೈಕೊಟ್ಟಿತೆಂದು ನಂಬಿದ್ದಳು.

ಎರಡು ತಿಂಗಳು ಎದುರಿನ ಸೀಟಿನಲ್ಲಿ ಯಾರ್ಯಾರೋ ಕುಳಿತರು. ನಾನು ವಾದ ಹೂಡುತ್ತಿದ್ದೆ. ನಿಜಕ್ಕೂ ಆಗ ಸಿಗ್ನಲ್ ಬಿದ್ದಿರಲಿಕ್ಕಿಲ್ಲ. ನಾನು ಕರೆಯದಿದ್ದರೂ ಅವಳು ಬರುತ್ತಿದ್ದಳು. ಈಗ ಹೇಳಿದರೆ ಮುರಿದ ಕೈ ಮೊದಲಿನಂತಾಗುವುದಿಲ್ಲ, ಸುಮ್ಮನೆ ಮನಸ್ಸಿಗೆ ನೋವು. ಒಂದೊಂದೂ ಕೇಳಲು ಸರಿಯಾಗಿಯೇ ಇತ್ತು. ಆದರೆ ಯಾವುದನ್ನು ಹಿಡಿದು ಹೊರಟರೂ ಕೊನೆಗೆ ನಾನು ಬಾಯಿ ಮುಚ್ಚಿಕೊಂಡಿರಬಹುದು ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಅದರಿಂದಲೇ ನನಗೆ ಅನುಮಾನ ಶುರುವಾಯಿತು. ಇಷ್ಟೆಲ್ಲ ವಿಚಾರದಲ್ಲಿ ಅವಳು ಎಲ್ಲಿದ್ದಳು? ಮಾಡದ ತಪ್ಪೊಂದನ್ನು ತನ್ನ ಮೊಣಕಾಲಿನ ಮೇಲೆ ಹಾಕಿಕೊಂಡು ಮನೆಯಲ್ಲಿ ಕುಳಿತಿದ್ದಳು. ಇದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕು ಅನಿಸುತ್ತಿತ್ತು. ಹೇಳಿಕೊಳ್ಳಲು ನನಗಿದ್ದವಳು ಅವಳೇ.

ಪ್ಲಾಸ್ಟರ್ ಬಿಚ್ಚಿದ ವಾರ, ಭಾನುವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಬೆರಳು ಪಳಗಲೆಂದು ರಬ್ಬರ್ ಚೆಂಡು ಹಿಚುಕುತ್ತ ಕುಳಿತಿದ್ದಳು. ಮಗನೂ ಇದ್ದ.

"ಬಾರಬೇ, ಮೂರ ವರ್ಷದ ಶಾಣ್ಯಾಕಿ! ಕುಂದರು. ಚಾ ಇಡಸ್ತೇನಿ."

"ಅಕ್ಕಾ, ಅವತ್ತ ನಾ ಸಿಗ್ನಲ್ ನೋಡಿರಲಿಲ್ಲ."

ಚೆಂಡು ಹಿಚುಕುವುದು ನಿಂತಿತು. "ನೋಡಿರಲಿಲ್ಲ?"

"ಇಲ್ಲ."

"ಖರೇ ಅಂದಿ ನೀ. ನಾ ಕೇಳಿದೆ, ಖರೇ ಅಂದಿ."

"ಹೌದು."

ಅವಳು ಚೆಂಡು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗದೆ ಮಗನಿಗೆ ಹೇಳಿದಳು, "ಕೇಳಿದೇನೋ? ನಾ ತಡಾ ಮಾಡಿಲ್ಲ. ಮುಂದಿನ ತಿಂಗಳಿಂದ ಕೆಲಸಕ್ಕ ಹೋಗತೇನಿ."

ಮಗ ಏನೋ ಹೇಳಲು ಹೋದ. "ಸುಮ್ಮನಿರು" ಎಂದಳು. ಚಹಾದ ಮಾತು ಮತ್ತೆ ಬರಲಿಲ್ಲ. ನಾನು ಎದ್ದು ಬಂದೆ.

ಸತ್ಯ ಹೇಳಿದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕಣ್ಣು ಮುಚ್ಚಿದರೆ ಗಾಲಿ ಈಗಲೂ ಉರುಳುತ್ತದೆ, ನನ್ನ ಕೈ ಈಗಲೂ ಚಾಚಿಯೇ ಇರುತ್ತದೆ. ಕ್ಷಮೆ ನನಗೆ ಬರಬೇಕಾದದ್ದು ಎಂದು ಒಳಗೊಳಗೇ ಎಣಿಸಿಕೊಂಡಿದ್ದೆನೆಂದು ತಿಳಿದದ್ದೂ ಆಮೇಲೆಯೇ.

ಅವಳು ಈಗ ಕೆಲಸಕ್ಕೆ ಬರುತ್ತಾಳೆ. ಬೇರೆ ಡಬ್ಬಿ ಹತ್ತುತ್ತಾಳೆ. ಮೊನ್ನೆ ಬ್ಯಾಡಗಿಯಲ್ಲಿ ಇಳಿಯುವಾಗ ಎದುರಾದಳು. ಜೊತೆಯ ಹೆಂಗಸರು ಮುಂದೆ ಹೋದರು, ಅವಳು ಒಂದು ಕ್ಷಣ ನಿಂತಳು.

"ಆರಾಮ ಅದೀರೇನ್ರಿ, ಮೇಡಮ್?"

"ಆರಾಮ. ಕೈ ಹೆಂಗೈತಿ?"

"ನಡೀತೈತ್ರಿ" ಎಂದು ಹೆಂಗಸರನ್ನು ಸೇರಿಕೊಂಡಳು.