ವಿಮಾನಕ್ಕೆ ಬೆಸುಗೆ ಹಾಕುವ ಮುನಿಶಾಮಪ್ಪನ ಭಯ

ಬೆಳಗಿನ ಐದೂವರೆ. ಬೆಂಗಳೂರಿನ ಉತ್ತರದಂಚಿನ ಅಲ್ಲಾಳಸಂದ್ರದ ಕೆರೆ ಕಡೆಯ ಮಂಜು ಇನ್ನೂ ಕರಗಿಲ್ಲ. ತಗಡಿನ ಶೆಡ್ಡಿನೊಳಗೆ ಮುನಿಶಾಮಪ್ಪ ಮಂಡಿಯೂರಿ ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ. ಉಕ್ಕಿನ ಕೊಳವೆಗಳು ಕೂಡುವ ಜಾಗವೊಂದನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಮುಂದಿನದಕ್ಕೆ ಸರಿಯುತ್ತಾರೆ. ಇಂಥ ಬೆಸುಗೆಗಳು ನೂರಾ ಹದಿನೆಂಟು. ಅಷ್ಟನ್ನೂ ನೋಡಿ ಮುಗಿಸದೆ ಅವರು ಕಾಫಿ ಮುಟ್ಟುವುದಿಲ್ಲ.

"ನಿನ್ನೆ ನೋಡಿದ್ದನ್ನೇ ಇವತ್ತೂ ನೋಡ್ತೀಯಲ್ಲಪ್ಪ, ರಾತ್ರಿ ಏನಾದ್ರೂ ಮೊಳಕೆ ಒಡೀತದಾ?" ಬಾಗಿಲಲ್ಲಿ ನಿಂತ ಮಗಳು ಮಂಜುಶ್ರೀ ರೇಗಿಸುತ್ತಾಳೆ.

"ಬಿರುಕು ಅಂಗೇ ಕಣವ್ವ. ಯೋಳಿ ಕೇಳಿ ಬರಲ್ಲ" ಎನ್ನುತ್ತಾರೆ ಮುನಿಶಾಮಪ್ಪ, ತಲೆ ಎತ್ತದೆ.

ಅವರ ಮುಂದಿರುವುದು ಇಬ್ಬರು ಕೂರುವ ಪುಟ್ಟ ವಿಮಾನದ ಅಸ್ಥಿಪಂಜರ. ಊರಿನ ಹಳೇ ಜಮೀನುದಾರರ ಮನೆಯ ಬಾಲರಾಜು ಜಕ್ಕೂರಿನಲ್ಲಿ ಹಾರಾಟ ಕಲಿತವನು. ಅಪಾರ್ಟ್‌ಮೆಂಟು ಕಟ್ಟಿಸುವುದು ಅವನ ಕಸುಬು, ತನ್ನ ಕೈಯಾರೆ ವಿಮಾನ ಕಟ್ಟಬೇಕೆನ್ನುವುದು ಹುಚ್ಚು. ಎರಡು ವರ್ಷದ ಹಿಂದೆ, 2014ರಲ್ಲಿ, ನಕ್ಷೆ ತರಿಸಿಕೊಂಡು ನೇರವಾಗಿ ಬಂದದ್ದು ಮುನಿಶಾಮಪ್ಪನ ಹತ್ತಿರ.

ಬರುವುದಕ್ಕೂ ಕಾರಣವಿತ್ತು. ಹದಿನಾರನೇ ವಯಸ್ಸಿಗೆ ಯಶವಂತಪುರದ ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿಗೆ ಸೇರಿ ಗ್ಯಾಸ್ ಬೆಸುಗೆ ಕಲಿತ ಕೈ ಇದು. ಈಗ ಐವತ್ತಾರು. ನಡುವಿನ ನಲವತ್ತು ವರ್ಷದಲ್ಲಿ ಯಲಹಂಕದಿಂದ ಕೆಂಪಾಪುರದವರೆಗೆ ಎಷ್ಟು ಗೇಟು, ಎಷ್ಟು ಕಿಟಕಿ ಗ್ರಿಲ್ಲು ಬೆಸೆದರೋ ಅವರಿಗೇ ಲೆಕ್ಕವಿಲ್ಲ. ಕಿಡಿ ಸಿಡಿದು ಎಡಗಣ್ಣು ಮಂಜಾಗಿದೆ. ಬೆರಳ ತುದಿಗಳು ಬಿಸಿಯನ್ನು ಗುರುತಿಸುವುದೇ ಬಿಟ್ಟಿವೆ. ಯಲಹಂಕದ ವಾಯುಪಡೆ ನೆಲೆಯ ವಿಮಾನಗಳು ದಿನಾ ತಲೆಯ ಮೇಲೆ ಸಿಡಿಲಿನಂತೆ ಹೋದರೂ ಈ ಊರಿನವರು ಕತ್ತೆತ್ತುವುದಿಲ್ಲ. ಮುನಿಶಾಮಪ್ಪನೂ ಎತ್ತಿದವರಲ್ಲ, ಈ ಕೆಲಸ ಕೈಗೆ ಬರುವ ತನಕ.

ನಕ್ಷೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳುವ ಹೊಣೆ ಕೆಂಪಾಪುರದ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ಮಂಜುಶ್ರೀಗೆ ಬಿತ್ತು. ನಕ್ಷೆಯಲ್ಲಿ ಬಗೆಹರಿಯದ್ದನ್ನು ಕೇಳಲು ಅವಳೇ ಒಂದು ಫೋರಂ ಹುಡುಕಿದಳು. ಮನೆಯಲ್ಲಿ ವಿಮಾನ ಕಟ್ಟುವ ಜನ ಲೋಕದ ಮೂಲೆಮೂಲೆಯಿಂದ ಬಂದು ಕೂರುವ ಇಂಟರ್‌ನೆಟ್ಟಿನ ಜಗಲಿ ಅದು. ಅಮೆರಿಕದ ಕಡೆ ಸಂಜೆಯಾದಾಗ ಇಲ್ಲಿ ಮುಂಜಾವು. ಹಾಗಾಗಿ ಉತ್ತರಗಳು ಬರುವುದು ಅವಳು ಬಸ್ಸಿಗೆ ಹೊರಡುವ ಮುಂಚೆ. ಫೋನು ಹಿಡಿದು ಅವಳು ಓದುತ್ತಾಳೆ, ಅಪ್ಪ ಕೇಳುತ್ತಾರೆ.

ಕಳೆದ ವರ್ಷ ಚೌಕಟ್ಟು ಮುಗಿದಾಗ ಅಪ್ಪನ ಕೈಕೆಲಸ ಎಲ್ಲರೂ ನೋಡಲೆಂದು ಅವಳು ಫೋಟೊ ಹಾಕಿದಳು. ಮೆಚ್ಚುಗೆ ಸುರಿಯಿತು. ಅದರ ನಡುವೆ ಕೆನಡಾದ ಎಪ್ಪತ್ತೆಂಟು ವರ್ಷದ ನಿವೃತ್ತ ಬೆಸುಗೆಗಾರನೊಬ್ಬ ಒಂದೇ ಸಾಲು ಕೇಳಿದ್ದ: ಚೌಕಟ್ಟಿನ ಪಕ್ಕ ಆ ನೀರಿನ ಬಕೆಟ್ ಯಾಕಿದೆ?

"ಯಾಕಪ್ಪಾ ಇತ್ತು?" ಎಂದಳು ಮಗಳು.

ಮುನಿಶಾಮಪ್ಪ ಇದ್ದದ್ದನ್ನು ಹೇಳಿದರು, ಅವಳು ಅದನ್ನೇ ಫೋರಂಗೆ ಬರೆದಳು. ಗ್ರಿಲ್ ಅಂಗಡಿಯಲ್ಲಿ ಬೆಸೆದ ಕೂಡಲೇ ನೀರು ಚುಮುಕಿಸುವುದು ವಾಡಿಕೆ. ಗಿರಾಕಿ ಎದುರಿಗೇ ನಿಂತಿರುತ್ತಾನೆ, ಬಣ್ಣ ಹೊಡೆಯುವವನಿಗೆ ಅವಸರ, ಚುಂಯ್ ಎಂದರೆ ಕೆಲಸ ಆಯಿತು. ಆ ಕೈ ಇಲ್ಲೂ ತಾನಾಗಿ ಬಕೆಟ್ಟಿಗೆ ಹೋಗಿತ್ತು. ಮರುದಿನ ಕೆನಡಾದ ಆ ತಾತನ ಉದ್ದನೆಯ ಉತ್ತರ ಬಂತು. ವಿಮಾನದ ಉಕ್ಕು ಗೇಟಿನ ಕಬ್ಬಿಣವಲ್ಲ. ಕೆಂಪಗಿರುವಾಗ ನೀರು ತಾಗಿದರೆ ಅದು ಗಾಜಿನಂತೆ ಪೆಡಸಾಗುತ್ತದೆ, ಮೇಲೆ ಏನೂ ಕಾಣಿಸುವುದಿಲ್ಲ. ನಕ್ಷೆಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಕ್ಷೆ ಬರೆದವನು ಗ್ರಿಲ್ ಅಂಗಡಿ ಕಂಡವನಲ್ಲ.

ಮೂರು ದಿನ ಮುನಿಶಾಮಪ್ಪ ಇದನ್ನು ಬಾಲರಾಜುವಿಗೆ ತಿಳಿಸಲಿಲ್ಲ. ಬಾಲರಾಜು ಆಗಲೇ ಎಂಜಿನ್ ಕೂರಿಸುವ ಮಾತಾಡುತ್ತಿದ್ದ. ಹೇಳಿದರೆ ನಲವತ್ತು ವರ್ಷದ ಹೆಸರು ಹೋಗುತ್ತದೆ, ಹೇಳದಿದ್ದರೆ ಹುಡುಗನ ಜೀವ. ನಾಲ್ಕನೆಯ ದಿನ ಬಾಲರಾಜುವಿನ ತಾಯಿ ಲಕ್ಕಮ್ಮ ರಾಗಿರೊಟ್ಟಿ ತಂದುಕೊಟ್ಟು, ಚೌಕಟ್ಟನ್ನು ಸವರಿ ಹೇಳಿದರು: "ಇವನು ಆಕಾಶಕ್ಕೆ ಓಗ್ತೀನಿ ಅಂದಾಗಿಂದ ನಿದ್ದೆ ಇರ್ಲಿಲ್ಲ ಕಣೋ ಮುನಿಶಾಮ. ಬೆಸೆದೋನು ನೀನಲ್ವಾ, ಈಗ ಧೈರ್ಯ."

"ಆ ರೊಟ್ಟಿ ಮುಟ್ಟಲಿಲ್ಲ ನಾನು" ಎನ್ನುತ್ತಾರೆ ಮುನಿಶಾಮಪ್ಪ. "ಕಣ್ಣು ಮುಚ್ಚಿದ್ರೆ ಆಯಮ್ಮ ಎದೆ ಬಡ್ಕೊಳ್ಳೋದೇ ಕಾಣೋದು."

ಅಂದೇ ಬಾಲರಾಜುವನ್ನು ಕರೆದು ಹೇಳಿದರು. ಅವನು ನಕ್ಕುಬಿಟ್ಟ. "ಬಿಡಣ್ಣ, ನಿನ್ ಗೇಟ್ ಹತ್ತಿ ಮಾವಿನಕಾಯಿ ಕದ್ದು ಬೆಳೆದೋರು ನಾವು. ಒಂದಾದ್ರೂ ಮುರೀತಾ? ಕಂಪ್ಯೂಟರ್‌ನಲ್ಲಿ ಯಾವನೋ ಮುದುಕ ಅಂದ ಅಂತ ಹೆದರ್ಕೋಬೇಡ."

ಮುನಿಶಾಮಪ್ಪ ಅವನನ್ನು ಅಲ್ಲೇ ನಿಲ್ಲಿಸಿಕೊಂಡರು. ತಾತ ಫೋರಂನಲ್ಲಿ ತಿಳಿಸಿದ್ದ ಹಾಗೆ, ಉಳಿದಿದ್ದ ಕೊಳವೆಯಲ್ಲಿ ಎರಡು ತುಂಡು ಬೆಸೆದರು. ಒಂದನ್ನು ನೀರಿಗೆ ಅದ್ದಿದರು, ಇನ್ನೊಂದನ್ನು ತಾನಾಗಿ ಆರಲು ಬಿಟ್ಟರು. ಒಂದೊಂದನ್ನೇ ಇಕ್ಕಳದಂತೆ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದರು. ತಾನಾಗಿ ಆರಿದ್ದು ಬಾಗಿತು, ಬಿಡಲಿಲ್ಲ. ನೀರು ಕಂಡದ್ದು ಮೂರನೇ ಏಟಿಗೆ ಚಕ್ಕುಲಿಯಂತೆ ಪಟಕ್ಕನೆ ತುಂಡಾಗಿ ಬಾಲರಾಜುವಿನ ಕಾಲ ಬಳಿ ಬಿತ್ತು. ಅವನು ಅದನ್ನೆತ್ತಿ ಮುರಿದ ಅಂಚನ್ನು ತಿರುಗಿಸಿ ನೋಡಿದ. ಆಮೇಲೆ ಕೇಳಿದ: "ಸೀಟಿನ ಕೆಳಗಿನವು ಮಾತ್ರ ಬದಲಾಯಿಸಿದ್ರೆ ಆಗಲ್ವೇನಣ್ಣ?"

"ಯಾವುದಕ್ಕೆ ನೀರು ಆಕ್ದೆ, ಯಾವುದಕ್ಕೆ ಆಕ್ಲಿಲ್ಲ, ನಂಗೆ ಗ್ಯಾಪಕ ಇಲ್ಲ ಬಾಲರಾಜು. ಎಲ್ಲಾನೂ ಕೊಯ್ಬೇಕು."

ಕೊಯ್ದವರೂ ಅವರೇ. ಗುಜರಿಯಿಂದ ಯಾರಾದರೂ ಕೊಂಡು ಇನ್ನೆಲ್ಲಾದರೂ ಬಳಸಿಯಾರೆಂಬ ಹೆದರಿಕೆಗೆ ಹಳೇ ಚೌಕಟ್ಟನ್ನು ಗೇಣುದ್ದದ ಚೂರು ಮಾಡಿಹಾಕಿದರು. ಹೊಸದಕ್ಕೆ ಎಂಟು ತಿಂಗಳು ಹಿಡಿಯಿತು. ದಿನಕ್ಕೆ ಒಂದು ಬೆಸುಗೆ, ಹೆಚ್ಚೆಂದರೆ ಎರಡು. ಬೆಸೆದ ಮೇಲೆ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಗಾಳಿಯೂ ಸೋಕದಂತೆ ಆರುವ ತನಕ ಕಾವಲು ಕೂರುತ್ತಿದ್ದರು. ಬೆಸುಗೆಗೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೂದಲೆಳೆಯ ಕೆಂಪು ಗೆರೆ ಮೂಡುತ್ತದೆ. ಅದನ್ನೂ ಫೋರಂ ಕಲಿಸಿತು. ಹೊಸ ಚೌಕಟ್ಟಿನಲ್ಲಿ ಮೂರು ಕಡೆ ಗೆರೆ ಕಂಡಿತು. ಮೂರನ್ನೂ ಕೊಯ್ದು ಮತ್ತೆ ಬೆಸೆದರು. ಪ್ರತಿ ಬೆಸುಗೆಯ ಫೋಟೊ ಫೋರಂನ ಜಗಲಿಗೆ ಹೋಯಿತು. ಯಾರೋ ಬ್ರೆಜಿಲ್ಲಿನವನು, ಯಾರೋ ಆಸ್ಟ್ರೇಲಿಯಾದ ಹೆಂಗಸು ಬೆರಳಿಟ್ಟು ತಪ್ಪು ತೋರಿಸಿದರು. "ಹೊಗಳೋರು ಊರಲ್ಲೂ ಸಿಕ್ತಾರೆ. ಬೈಯೋರು ಬೇಕಾಗಿತ್ತು, ಅಲ್ಲಿ ಸಿಕ್ಕಿದ್ರು" ಎನ್ನುತ್ತಾರೆ.

ಈಗ ಎಂಜಿನ್ ಕೂತಿದೆ. ರೆಕ್ಕೆಗೆ ಬಟ್ಟೆ ಬಿಗಿಯುವುದು ಬಾಕಿ. ಹಾರಾಟದ ಅನುಮತಿಗೆ ಕಾಗದಗಳು ಓಡಾಡುತ್ತಿವೆ. ಅದು ಸಿಕ್ಕರೆ ಡಿಸೆಂಬರಿನಲ್ಲಿ ಬಾಲರಾಜು ಮೊದಲ ಬಾರಿ ನೆಲ ಬಿಡುತ್ತಾನೆ. ಹಿಂದಿನ ಸೀಟಿನಲ್ಲಿ ಮುಂದೊಂದು ದಿನ ನಿನ್ನನ್ನೂ ಕೂರಿಸಿಕೊಂಡು ಹೋಗುತ್ತೇನೆ ಎಂದು ಈಗಲೇ ಕಾಡುತ್ತಿದ್ದಾನೆ. ಮುನಿಶಾಮಪ್ಪ ಬೇಡವೆಂದು ಕೈಮುಗಿಯುತ್ತಾರೆ.

"ಮೊದಲ ದಿನ ನೋಡೋದಕ್ಕೂ ಓಗಲ್ಲ ನಾನು. ನನ್ ಕೈಲಾಗಲ್ಲ" ಎಂದು ಟಾರ್ಚು ಆರಿಸುತ್ತಾರೆ. "ಇಲ್ಲೇ ಶೆಡ್ಡಲ್ಲಿ ಫೋನ್ ಇಟ್ಕೊಂಡು ಕೂತಿರ್ತೀನಿ. ಹೆಂಗಿತ್ತು, ಎಷ್ಟ್ ಎತ್ರ ಓಯ್ತು, ಅದೆಲ್ಲಾ ಬ್ಯಾಡ. ಆ ಹುಡುಗ ಫೋನ್ ಮಾಡಿ 'ಇಳಿದೆ ಅಣ್ಣ' ಅಂದ್ರೆ ಸಾಕು."